ಊರ ವರ್ತಮಾನ

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿದ್ದಿತು. ವಾಣಿವಿಲಾಸ ಸಾಗರವೆಂಬುದು ಅದರ ಸರ್ಕಾರಿ ಹೆಸರು. ಹಿರಿಯೂರಿನ ಹಳೆಯ ಮಂದಿಗೆ ಅದು ಇಂದಿಗೂ ಮಾರಿಕಣಿವೆಯೇ. 1907ರಲ್ಲಿ ಕಟ್ಟಿ ಮುಗಿದ ಆ ಕಟ್ಟೆ ಅದಕ್ಕೆ ಮುಂಚೆ ತುಂಬಿ ಹರಿದದ್ದು 1933ರಲ್ಲಿ. 89 ವರ್ಷಗಳ ಮೇಲೆ ಬಂದ ಆ ನೀರನ್ನು ನೋಡಲು ಸುತ್ತಲ ಹಳ್ಳಿಗಳಿಂದ ಜನ ಟ್ರ್ಯಾಕ್ಟರುಗಳಲ್ಲಿ, ಬಸ್ಸುಗಳಲ್ಲಿ ಬಂದರು, ಬಾಗಿನ ಬಿಟ್ಟರು, ಚಿತ್ರ ತೆಗೆದುಕೊಂಡು ಹೋದರು. ದಿನಪತ್ರಿಕೆಗಳು ಸುದ್ದಿಯನ್ನು ದೊಡ್ಡದಾಗಿಯೇ ಹಾಕಿದವು.

ನನಗೆ ಆಗ ಒಂದು ಕುತೂಹಲ ಹುಟ್ಟಿತು. 1933ರಲ್ಲಿ ಇದೇ ಕೋಡಿಯ ಮುಂದೆ ನಿಂತವರು ಅದನ್ನು ಕುರಿತು ಏನೆಂದು ಬರೆದಿರಬಹುದು? ನಾನು ಓದಿದ ವರದಿಗಳಲ್ಲೆಲ್ಲ ಆ ವರ್ಷದ ಅಂಕಿ ಇತ್ತೇ ಹೊರತು ಆ ವರ್ಷದ ಒಂದು ಮಾತೂ ಇರಲಿಲ್ಲ. ಊರಿನಲ್ಲಿ ವಿಚಾರಿಸಿದೆ. ಹಳೆಯ ಮನೆಗಳ ಅಟ್ಟಗಳಲ್ಲಿ ಪಂಚಾಂಗಗಳಿದ್ದವು, ಕಂದಾಯದ ರಸೀದಿಗಳಿದ್ದವು, ಒಂದೆರಡು ಮನೆಗಳಲ್ಲಿ ಗಮಕಿಗಳು ಓದಿದ ಭಾರತದ ಪ್ರತಿಗಳೂ ಇದ್ದವು. ಪತ್ರಿಕೆಯ ಒಂದು ಹಾಳೆಯೂ ಸಿಕ್ಕಲಿಲ್ಲ. ಪೇಟೆಯ ಹಿರಿಯರೊಬ್ಬರು ಮಾತ್ರ, “ಮೇಷ್ಟ್ರೇ, ನಮ್ಮಪ್ಪಾರು ಹೇಳೋರು, ಕೋಡಿ ನೀರು ಬೊಗಸೇಲಿ ಕುಡಿದು ಬಂದ್ವಿ, ಮಣ್ಣಿನ ವಾಸನೆ ಹೊಡೀತಿತ್ತು ಅಂತ” ಎಂದರು. 1933ರ ಕೋಡಿಯ ಬಗ್ಗೆ ನನ್ನೂರಿನಲ್ಲಿ ನನಗೆ ದೊರೆತ ಸಮಗ್ರ ಸಾಹಿತ್ಯವೆಂದರೆ ಈ ಒಂದು ವಾಕ್ಯ. ಆ ಕಾಲಕ್ಕೆ ಬೆಂಗಳೂರಿನಲ್ಲಿ ಪಿ. ಆರ್. ರಾಮಯ್ಯನವರ ‘ತಾಯಿನಾಡು’ ನಡೆಯುತ್ತಿತ್ತು. ಅದರ ಕಡತದಲ್ಲಿ ಹುಡುಕಿದರೆ ಸುದ್ದಿ ಸಿಕ್ಕಬಹುದು. ಆದರೆ ಅದು ಬೆಂಗಳೂರು ಕಂಡ ಕೋಡಿ. ಬೊಗಸೆಯ ನೀರಿನ ವಾಸನೆ ಅದರಲ್ಲಿರುವ ಸಂಭವ ಕಡಮೆ.

ನಮ್ಮಲ್ಲಿ ಪತ್ರಿಕೆಗಳ ಚರಿತ್ರೆಯನ್ನು ಬರೆದವರು ಇಲ್ಲವೆಂದಲ್ಲ. ನಾಡಿಗ ಕೃಷ್ಣಮೂರ್ತಿಯವರು 1966ರಷ್ಟು ಹಿಂದೆಯೇ ಭಾರತದ ಪತ್ರಿಕೋದ್ಯಮವನ್ನು ಕುರಿತು ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥವನ್ನು ರಚಿಸಿದರು. ಅನಂತರ ಕನ್ನಡದಲ್ಲಿಯೂ ಜಿಲ್ಲೆಗೊಂದರಂತೆ ಪ್ರಬಂಧಗಳು ಬಂದಿವೆ. ಅವುಗಳಲ್ಲಿ ಬಹುಪಾಲನ್ನು ಓದಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿಯುವುದು ಒಂದು ಪಟ್ಟಿ: ಪತ್ರಿಕೆಯ ಹೆಸರು, ಹುಟ್ಟಿದ ವರ್ಷ, ಸಂಪಾದಕರ ಹೆಸರು, ನಿಂತುಹೋದ ವರ್ಷ. ಪುರಸಭೆಯ ಜನನ ಮರಣಗಳ ದಫ್ತರಿಗೂ ಇದಕ್ಕೂ ಏನು ವ್ಯತ್ಯಾಸ? ಸತ್ತವನು ಬದುಕಿದ್ದಾಗ ಏನು ಮಾತಾಡುತ್ತಿದ್ದನೆಂಬುದು ದಫ್ತರಿಗೆ ಬೇಕಿಲ್ಲ, ಚರಿತ್ರಕಾರನಿಗೆ ಬೇಡವೆ? ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ ಇದಕ್ಕೆ ದೊಡ್ಡ ಅಪವಾದ. ಗ್ರಂಥಪಾಲರಾಗಿದ್ದ ಅವರು ಹಳೆಯ ಪತ್ರಿಕೆಗಳ ಹೆಸರನ್ನು ಮಾತ್ರ ಎಣಿಸಲಿಲ್ಲ, ಪುಟಗಳನ್ನು ಓದಿದರು. ಅಲ್ಲಿ ಹೊಸಗನ್ನಡ ಗದ್ಯ ಹೇಗೆ ಕಣ್ಣು ಬಿಟ್ಟಿತೆಂಬುದನ್ನು ತೋರಿಸಿದರು. ಆದರೆ ಅವರು ಆರಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನ. ಇಪ್ಪತ್ತನೆಯದರ ತಾಲ್ಲೂಕು ಪತ್ರಿಕೆಗಳಿಗೆ ಇನ್ನೊಬ್ಬ ಹಾವನೂರರು ಬೇಕಾಗಿದೆ. ಬರುವ ಹೊತ್ತಿಗೆ ಓದಲು ಪುಟಗಳು ಉಳಿದಿರಬೇಕು, ಅಷ್ಟೆ.

ಇದರಲ್ಲೊಂದು ವಿಪರ್ಯಾಸವೂ ಇದೆ. ಕನ್ನಡ ಪತ್ರಿಕೆ ಹುಟ್ಟಿದ್ದು ಯಾವ ರಾಜಧಾನಿಯಲ್ಲಿಯೂ ಅಲ್ಲ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಮಂಗಳೂರು ಒಂದು ಬಂದರಿನ ಊರು. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು, ಅಲ್ಲಿ ಅದಕ್ಕೆ ಅಚ್ಚಿನ ಮೊಳೆಗಳ ಅನುಕೂಲ ದೊರೆಯಿತು. ಅದರ ಪುಟಗಳಲ್ಲಿ ರಾಜ್ಯ ರಾಜ್ಯಗಳ ಸುದ್ದಿಯ ಜೊತೆಗೆ ‘ಊರ ವರ್ತಮಾನ’ಕ್ಕೂ ಒಂದು ಜಾಗವಿತ್ತೆಂಬುದನ್ನು ನಾವು ಮರೆಯಬಾರದು. ನಾಲ್ಕು ವರ್ಷ ಕಳೆದ ಮೇಲೆ ಅದೇ ಮಿಷನ್ನಿನ ಗುಂಡರ್ಟ್ ಮಲಯಾಳದ ಮೊದಲ ಪತ್ರಿಕೆಯನ್ನು ತಲಚೇರಿಯಲ್ಲಿ ಹೊರಡಿಸಿದರು. ಮಲಯಾಳಿಗಳು ಆ ಜಾಡನ್ನು ಬಿಡಲಿಲ್ಲ. ಅವರ ಮಹಾಪತ್ರಿಕೆಗಳು ಬೆಳೆದದ್ದು ಕೋಟ್ಟಯಂ, ಕಲ್ಲಿಕೋಟೆಗಳಲ್ಲಿ, ತಿರುವನಂತಪುರದಲ್ಲಲ್ಲ. ನಮ್ಮಲ್ಲಿಯೂ ‘ಸಂಯುಕ್ತ ಕರ್ನಾಟಕ’ ಹುಬ್ಬಳ್ಳಿಯಲ್ಲಿ ಬೇರು ಬಿಟ್ಟಿತು. ‘ಉದಯವಾಣಿ’ ಹುಟ್ಟಿದ್ದು ಮಣಿಪಾಲದ ಗುಡ್ಡದ ಮೇಲೆ. ಆದರೂ ಚರಿತ್ರೆ ಬರೆಯಲು ಕುಳಿತಾಗ ನಮ್ಮ ಲೇಖನಿ ತಾನಾಗಿ ಬೆಂಗಳೂರು ಮೈಸೂರುಗಳ ಕಡೆಗೆ ವಾಲುತ್ತದೆ.

ಪತ್ರಿಕೆಗಳ ಹೆಸರುಗಳನ್ನಷ್ಟೇ ಓದುತ್ತ ಹೋದರೂ ಒಂದು ಕಥೆ ಸಿಕ್ಕುತ್ತದೆ. ಮೊದಮೊದಲು ‘ವೃತ್ತಾಂತ ಬೋಧಿನಿ’, ‘ಕರ್ನಾಟಕ ಪ್ರಕಾಶಿಕೆ’, ‘ವೃತ್ತಾಂತ ಚಿಂತಾಮಣಿ’. ಬೋಧಿಸುವುದು, ಬೆಳಗುವುದು, ಬೇಡಿದ್ದನ್ನು ಕೊಡುವುದು ಪತ್ರಿಕೆಯ ಕೆಲಸವೆಂದು ಆ ಪಂಡಿತರು ನಂಬಿದ್ದರು, ಓದುಗನು ಶಿಷ್ಯ. ಆಮೇಲೆ ‘ವಿಶ್ವ ಕರ್ನಾಟಕ’, ‘ತಾಯಿನಾಡು’, ‘ಸಂಯುಕ್ತ ಕರ್ನಾಟಕ’: ಇಲ್ಲಿ ನಾಡು ಒಂದಾಗಬೇಕೆಂಬ ಹಂಬಲ, ಓದುಗನು ನಾಡಿಗ. ಸ್ವಾತಂತ್ರ್ಯ ಬಂದ ಮೇಲೆ ಎಲ್ಲೆಲ್ಲೂ ‘ವಾಣಿ’, ಓದುಗನು ಪ್ರಜೆ. ಸಣ್ಣ ಊರುಗಳು ಇಟ್ಟುಕೊಂಡ ಹೆಸರುಗಳಲ್ಲಿ ಈ ಮೂರೂ ಇವೆ, ಜೊತೆಗೆ ಬೇರೊಂದು ಧಾಟಿಯೂ ಇದೆ. ಮಡಿಕೇರಿಯಲ್ಲಿ 1957ರಲ್ಲಿ ‘ಶಕ್ತಿ’, ಕಾರವಾರದಲ್ಲಿ ‘ಕರಾವಳಿ ಮುಂಜಾವು’, ಶಿರಸಿಯಲ್ಲಿ ‘ಲೋಕಧ್ವನಿ’, ಸುಳ್ಯ ಪುತ್ತೂರುಗಳ ಕಡೆ ‘ಸುದ್ದಿ ಬಿಡುಗಡೆ’. ಕೊನೆಯ ಹೆಸರನ್ನು ಮೊದಲು ಕಂಡಾಗ ನನಗೆ ನಗು ಬಂದಿತ್ತು. ಈಗ ಆ ಎರಡು ಪದಗಳಲ್ಲಿ ಒಂದು ಪತ್ರಿಕಾಧರ್ಮವೇ ಇದೆ ಎನಿಸುತ್ತದೆ: ಸುದ್ದಿ ಎಲ್ಲಿಯೋ ಕಟ್ಟುಬಿದ್ದಿದೆ, ಅದನ್ನು ಬಿಡಿಸಬೇಕು.

ನಮ್ಮ ಬಯಲುಸೀಮೆಯಲ್ಲಿ ಆ ಕಟ್ಟು ಸ್ವಲ್ಪ ಬಿಗಿಯಾಗಿಯೇ ಇತ್ತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗಗಳೆಲ್ಲ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, 1908ರಲ್ಲಿ ಬಂದ ವೃತ್ತಪತ್ರಿಕೆಗಳ ಶಾಸನ ಸಂಸ್ಥಾನದ ಪತ್ರಿಕೆಗಳ ಮೇಲೆ ಭಾರವಾಗಿ ಬಿದ್ದಿತು, ಹಲವು ನಿಂತೇಹೋದವು. ರಾಜಧಾನಿಯ ಪ್ರತಿಷ್ಠಿತರಿಗೇ ಇಂಥ ಅಂಜಿಕೆಯಿದ್ದಾಗ ತಾಲ್ಲೂಕಿನ ಒಬ್ಬ ವಕೀಲನೋ ಉಪಾಧ್ಯಾಯನೋ ಅಮಲ್ದಾರರ ಕಣ್ಣೆದುರಿಗೆ ಪತ್ರಿಕೆ ತೆಗೆಯುವ ಧೈರ್ಯ ಮಾಡುವುದು ಸುಲಭವಾಗಿರಲಿಲ್ಲವೆಂದು ನನ್ನ ಊಹೆ. ಮುಂಬಯಿ ಕರ್ನಾಟಕದಲ್ಲಿ ರಾಷ್ಟ್ರೀಯ ಚಳವಳಿಯೊಡನೆ ಸಣ್ಣ ಊರುಗಳಿಗೂ ಪತ್ರಿಕೆಯ ಗೀಳು ಹಿಡಿದಿತ್ತು. 1928ರಲ್ಲಿ ಕರ್ನಾಟಕದ ಪತ್ರಿಕಾಕರ್ತರು ಮೊದಲ ಸಮ್ಮೇಳನ ನೆರೆಸಿದ್ದು ಬಾಗಲಕೋಟೆಯಲ್ಲಿ, ಆಗಿನ ವಿಜಾಪುರ ಜಿಲ್ಲೆಯ ಒಂದು ತಾಲ್ಲೂಕು ಸ್ಥಳದಲ್ಲಿ. ಅಧ್ಯಕ್ಷರಾಗಿ ಹೋದವರು ಮೈಸೂರು ಸಂಸ್ಥಾನದ ಡಿ. ವಿ. ಗುಂಡಪ್ಪನವರು. ಪತ್ರಿಕೆಯನ್ನು ಕುರಿತು ಕನ್ನಡದಲ್ಲಿ ಶಾಸ್ತ್ರೀಯವಾಗಿ ಚಿಂತಿಸಿದ ಮೊದಲಿಗರಲ್ಲಿ ಒಬ್ಬರು ಒಂದು ಸಣ್ಣ ಊರಿನ ಪೆಂಡಾಲಿನಲ್ಲಿ ನಿಂತು ಮಾತಾಡಿದರೆಂಬುದು ನನಗೆ ಬಹಳ ಅರ್ಥವುಳ್ಳ ಸಂಗತಿಯಾಗಿ ಕಾಣುತ್ತದೆ.

ಇರಲಿ. ತಾಲ್ಲೂಕಿನ ಪತ್ರಿಕೆ ಎಂದರೆ ಎಂಥದೆಂದು ನಗರದ ವಾಚಕರಿಗೆ ಸ್ವಲ್ಪ ವಿವರಿಸಬೇಕಾದೀತು. ನಾಲ್ಕು ಪುಟ. ಸಂಪಾದಕ, ಪ್ರಕಾಶಕ, ಮುದ್ರಕ, ಮಾಲೀಕ ಎಲ್ಲವೂ ಒಬ್ಬರೇ. ಎಷ್ಟೋ ವೇಳೆ ಅವರೇ ಲಗ್ನಪತ್ರಿಕೆ, ಕರಪತ್ರ, ರಸೀದಿ ಪುಸ್ತಕಗಳನ್ನು ಅಚ್ಚುಹಾಕಿಕೊಡುವ ಮುದ್ರಣಾಲಯದ ಯಜಮಾನರು. ಮದುವೆಯ ತಿಂಗಳುಗಳಲ್ಲಿ ಪತ್ರಿಕೆ ಎರಡು ದಿನ ತಡವಾಗಿ ಬರುತ್ತದೆ. ಲಗ್ನಪತ್ರಿಕೆ ಕಾಯುವುದಿಲ್ಲ, ವಾರಪತ್ರಿಕೆ ಕಾಯುತ್ತದೆ. ಚಂದಾ ಬಾಕಿಯವರಿಗೆ ವಿಜ್ಞಾಪನೆ ಪ್ರತಿ ಸಂಚಿಕೆಯಲ್ಲಿಯೂ ಇರುತ್ತದೆ; ಅದನ್ನು ಯಾರೂ ಓದುವುದಿಲ್ಲ. ಕೋರ್ಟಿನ ನೋಟೀಸು, ಹೆಸರು ತಿದ್ದುಪಡಿಯ ಪ್ರಕಟಣೆ, ಲೋಕೋಪಯೋಗಿ ಇಲಾಖೆಯ ಟೆಂಡರು, ಯುಗಾದಿ ವಿಶೇಷಾಂಕಕ್ಕೆ ಶುಭಾಶಯ ಕೋರುವ ಮುಖಂಡರ ಭಾವಚಿತ್ರ, ಇವುಗಳಿಂದ ಹೊಟ್ಟೆ ಹೊರೆಯಬೇಕು. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಕೆಲಸ ಮಾಡಿದ ಒಬ್ಬ ವೃದ್ಧರು ನನಗೆ ಹೇಳಿದರು: “ಕ್ಷ ಮೊಳೆ ಎಲ್ಲ ಖರ್ಚಾಗಿಬಿಟ್ಟರೆ ಏನು ಮಾಡೋದು ಸ್ವಾಮಿ? ಅಧ್ಯಕ್ಷರು ಅಂತ ಇದ್ದದ್ದನ್ನ ಸಭಾಪತಿಗಳು ಅಂತ ಮಾಡ್ತಿದ್ವಿ.” ಶೈಲಿಯನ್ನು ಕುರಿತು ನಾವು ತರಗತಿಯಲ್ಲಿ ಹೇಳುವ ಪಾಠಗಳಲ್ಲಿ ಈ ಕಾರಣವೊಂದು ಸೇರಿಲ್ಲ.

ಈ ಪತ್ರಿಕೆಗಳ ಗದ್ಯವನ್ನು ಮುಲಾಜಿಲ್ಲದೆ ನೋಡಬೇಕು. ಒಂದು ಸಲ ನನ್ನ ವಿದ್ಯಾರ್ಥಿಗಳಿಗೆ ಇಂಥ ಒಂದು ಸಂಚಿಕೆಯನ್ನು ಕೊಟ್ಟು ಕ್ರಿಯಾಪದಗಳಿಗೆ ಗೆರೆ ಎಳೆಯಿರಿ ಎಂದೆ. ‘ಜರುಗಿತು’ ಹತ್ತಕ್ಕೂ ಹೆಚ್ಚು ಕಡೆ ಸಿಕ್ಕಿತು. ರಥೋತ್ಸವ ವಿಜೃಂಭಣೆಯಿಂದ ಜರುಗಿತು, ಸಾಮೂಹಿಕ ವಿವಾಹ ಜರುಗಿತು, ಅಪಘಾತವೂ ಜರುಗಿತು. ಯಾರು ಮಾಡಿದರು, ಯಾರಿಗೆ ನೋವಾಯಿತು ಎಂಬುದನ್ನೆಲ್ಲ ಈ ಕ್ರಿಯಾಪದ ನುಂಗಿಕೊಳ್ಳುತ್ತದೆ. ಸಭೆಯ ವರದಿಯಲ್ಲಿ ಪ್ರಾಸ್ತಾವಿಕ ನುಡಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು ಎಲ್ಲರೂ ಇರುತ್ತಾರೆ. ಏನು ಮಾತಾಡಿದರೆಂಬುದು ಇರುವುದಿಲ್ಲ. ಇದು ಜಡತೆ ಮಾತ್ರವಲ್ಲ, ಒಂದು ಬಗೆಯ ರಕ್ಷಾಕವಚವೂ ಹೌದು. ಒಬ್ಬರ ಹೆಸರು ಬಿಟ್ಟರೆ ನಾಳೆ ಬೆಳಗ್ಗೆ ಹೋಟೆಲಿನಲ್ಲಿ ಅವರ ಮುಖ ನೋಡಬೇಕು.

ಆದರೆ ಅದೇ ಸಂಚಿಕೆಯ ಮೂರನೆಯ ಪುಟದ ಮೂಲೆಯಲ್ಲಿ ಬೇರೊಂದು ಕನ್ನಡವಿರುತ್ತದೆ. ತಾಲ್ಲೂಕಿನಲ್ಲಿ ತೆಂಗಿನ ತೋಟಗಳು ಒಣಗಿದ ವರ್ಷಗಳಲ್ಲಿ ದೊಡ್ಡ ಪತ್ರಿಕೆಗಳು ಅಂತರ್ಜಲ ಕುಸಿತ, ರೈತರು ಕಂಗಾಲು ಎಂದು ಬರೆದವು. ತಪ್ಪೇನಿಲ್ಲ, ಆದರೆ ಆ ಮಾತನ್ನು ಯಾವ ಜಿಲ್ಲೆಗಾದರೂ ಅಂಟಿಸಬಹುದು. ಇಲ್ಲಿಯ ಪತ್ರಿಕೆಯವನು ಬರೆದದ್ದು ಯಾರ ತೋಟದಲ್ಲಿ ಬೋರು ಎಷ್ಟು ಅಡಿಗೆ ಹೋಯಿತು, ಎಷ್ಟು ಇಂಚು ನೀರು ಬಿತ್ತು, ಅದು ಎಷ್ಟು ದಿನ ನಿಂತಿತು, ಟ್ಯಾಂಕರಿಗೆ ಎಷ್ಟು ಕೊಟ್ಟರು ಎಂದು. ಅಲ್ಲಿ ವಾಕ್ಯ ಚಿಕ್ಕದಾಗುತ್ತದೆ. ಸಂಸ್ಕೃತ ಪದಗಳು ತಾವಾಗಿಯೇ ಉದುರುತ್ತವೆ. ಕರ್ತೃ ಮರಳಿ ಬರುತ್ತಾನೆ. ಓದುಗರೂ ತೋಟದವರೇ ಆದ್ದರಿಂದ ಅಡಿಯಲ್ಲಿ ಹತ್ತು ಹೆಚ್ಚು ಬರೆದರೆ ಸಿಕ್ಕಿಬೀಳುತ್ತಾನೆ. ನಿಧನವಾರ್ತೆಗಳಲ್ಲಿಯೂ ಹೀಗೆಯೇ. ಗಣ್ಯರು ತೀರಿಕೊಂಡರೆ ‘ತುಂಬಲಾರದ ನಷ್ಟ’. ಬಸ್‌ಸ್ಟ್ಯಾಂಡಿನಲ್ಲಿ ಬಹುಕಾಲ ಪತ್ರಿಕೆ ಮಾರಿದವನೊಬ್ಬ ತೀರಿಕೊಂಡಾಗ ಮಾತ್ರ ಅವನು ಯಾವ ಬಸ್ಸಿನ ಯಾವ ಕಿಟಕಿಗೆ ಯಾವ ಪತ್ರಿಕೆ ಕೊಡುತ್ತಿದ್ದ, ಚಿಲ್ಲರೆ ಇಲ್ಲದಿದ್ದರೆ ಏನೆನ್ನುತ್ತಿದ್ದ ಎಂದು ಹತ್ತು ಸಾಲು. ಆ ಹತ್ತು ಸಾಲಿನ ಗದ್ಯ ನಮ್ಮ ಎಷ್ಟೋ ವ್ಯಕ್ತಿಚಿತ್ರಗಳಿಗಿಂತ ಮೇಲೆಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಬರೆದವನೂ ಬರೆಸಿಕೊಂಡವನೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿಯುವುದೇ ಸಣ್ಣ ಊರಿನ ಪತ್ರಿಕೆಯ ಬಲ; ಅದೇ ಅದರ ದೌರ್ಬಲ್ಯ. ಸಣ್ಣ ಸಂಗತಿಗಳಲ್ಲಿ ಅದು ಕರಾರುವಾಕ್ಕಾಗಿರುತ್ತದೆ, ದೊಡ್ಡ ಸಂಗತಿಗಳಲ್ಲಿ ಮೌನವಾಗಿರುತ್ತದೆ. ಯಾವ ಬೀದಿಯ ನಲ್ಲಿಯಲ್ಲಿ ಎಷ್ಟು ದಿನದಿಂದ ನೀರಿಲ್ಲವೆಂದು ಅದಕ್ಕೆ ಗೊತ್ತು. ಯಾವ ಕೇರಿಯವರಿಗೆ ಯಾವ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದರೆಂಬುದೂ ಗೊತ್ತಿತ್ತು, ಆದರೆ ಬರೆಯಲಿಲ್ಲ. ಇನ್ನು ಕೆಲವರ ಕಸುಬೇ ಬೇರೆ. ಹಣ ಬಂದರೆ ಹೊಗಳಿಕೆ. ಬಾರದಿದ್ದರೆ ಹೆಸರಿಲ್ಲದ ಒಬ್ಬ ಅಧಿಕಾರಿಯ ಬಗ್ಗೆ ನಾಲ್ಕು ಸಾಲು ಬರೆದು ಕೆಳಗೆ ‘ಮುಂದಿನ ವಾರ ನಿರೀಕ್ಷಿಸಿ’. ಮುಂದಿನ ವಾರ ಏನೂ ಬರುವುದಿಲ್ಲ. ಏಕೆಂದು ಊರಿಗೆಲ್ಲ ಗೊತ್ತು. ಸಣ್ಣ ಪತ್ರಿಕೆಗಳ ಪರವಾಗಿ ಮಾತಾಡುವವರು ಇದನ್ನು ಮುಚ್ಚಿಟ್ಟರೆ ಅವರ ಮಾತಿಗೆ ಬೆಲೆ ಬರುವುದಿಲ್ಲ.

1980ರಲ್ಲಿ ‘ಲಂಕೇಶ್ ಪತ್ರಿಕೆ’ ಬಂದ ಮೇಲೆ ತಾಲ್ಲೂಕುಗಳಲ್ಲಿಯೂ ಒಂದು ಬದಲಾವಣೆ ಕಾಣಿಸಿತು. ಬೆಂಗಳೂರಿನ ಒಬ್ಬ ಲೇಖಕ ಜಾಹೀರಾತನ್ನು ನಂಬದೆ, ಓದುಗರನ್ನೇ ನಂಬಿ ಪತ್ರಿಕೆ ನಡೆಸಿದ್ದು ಎಷ್ಟೋ ತರುಣರಿಗೆ ಕಣ್ಣು ತೆರೆಸಿತು. ಆದರೆ ಅನುಕರಿಸಿದವರಲ್ಲಿ ಬಹುಮಂದಿ ತೆಗೆದುಕೊಂಡದ್ದು ಶೀರ್ಷಿಕೆಯ ಮೊನೆಯನ್ನು, ಅಡ್ಡಹೆಸರಿಡುವ ಚಪಲವನ್ನು. ಆ ಮೊನೆಯ ಹಿಂದಿದ್ದ ಓದು, ಕಥೆಗಾರನ ಕಿವಿ, ತನ್ನನ್ನೇ ಸಂದೇಹಿಸಿಕೊಳ್ಳುವ ಗುಣ, ಇವು ತಾಲ್ಲೂಕಿಗೆ ಬರುವ ಬಸ್ಸಿನಲ್ಲಿ ಬರಲಿಲ್ಲ. ‘ಶಕ್ತಿ’ಯಂತಹ ಪತ್ರಿಕೆಗಳ ದಾರಿ ಇದಕ್ಕಿಂತ ಕಷ್ಟದ್ದು, ಕೂಗದೆ ದಿನವೂ ಬರುವುದು. ದಾವಣಗೆರೆ ನಮ್ಮ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ 1970ರ ದಶಕದಲ್ಲಿ ಅಲ್ಲಿ ಶುರುವಾದ ‘ಜನತಾವಾಣಿ’ಯೂ ಅಂಥದೇ. ದಿನಪತ್ರಿಕೆಯನ್ನು ಜಿಲ್ಲೆಯ ಒಂದು ಪೇಟೆಯೂರಿನಿಂದ ದಶಕಗಳ ಕಾಲ ನಡೆಸುವುದು ಎಂಥ ಸಾಹಸವೆಂಬುದು ಕಾಗದದ ಬೆಲೆ ಗೊತ್ತಿದ್ದವರಿಗೆ ಗೊತ್ತು.

ದೊಡ್ಡ ಪತ್ರಿಕೆಗಳು ಈಗ ತಾವೇ ಊರೂರಿಗೆ ಬಂದಿವೆಯಲ್ಲ, ಇನ್ನು ಇವೇಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1999ರಲ್ಲಿ ‘ವಿಜಯ ಕರ್ನಾಟಕ’ ಹಲವು ಕೇಂದ್ರಗಳಿಂದ ಮುದ್ರಣವಾಗತೊಡಗಿದ ಮೇಲೆ ಇತರ ಪತ್ರಿಕೆಗಳೂ ಆವೃತ್ತಿಗಳನ್ನು ಹೆಚ್ಚಿಸಿದವು. ಜಿಲ್ಲೆಗೆ ಪುಟಗಳು ಬಂದವು. ಹಿಂದೆ ವಾರಕ್ಕೆ ನಾಲ್ಕು ಸಾಲು ಕಾಣುತ್ತಿದ್ದ ಹಿರಿಯೂರು ಈಗ ದಿನವೂ ಕಾಣುತ್ತದೆ. ಲಾಭವಲ್ಲವೆ? ಲಾಭವೇ. ಆದರೆ ಇದರ ಲೆಕ್ಕದಲ್ಲಿ ಇನ್ನೊಂದು ಬದಿಯಿದೆ. ಒಂದೇ ಆವೃತ್ತಿಯಿದ್ದ ಕಾಲದಲ್ಲಿ ಹಿರಿಯೂರಿನ ನಾಲ್ಕು ಸಾಲನ್ನು ಮಂಗಳೂರಿನವರೂ, ವಿಧಾನಸೌಧದವರೂ ಓದುತ್ತಿದ್ದರು. ಈಗಿನ ಅರ್ಧ ಪುಟವನ್ನು ಓದುವವರು ನಾವು ಮಾತ್ರ. ಹೆದ್ದಾರಿಯಲ್ಲಿ ಒಂದು ಗಂಟೆಯೂ ಹಿಡಿಯದ ದೂರದಲ್ಲಿ ಶಿರಾ ಇದೆ. ಅದೇ ಮಣ್ಣು, ಅದೇ ಶೇಂಗಾ, ಅದೇ ಬರ. ಅದು ತುಮಕೂರು ಜಿಲ್ಲೆಯಾದ್ದರಿಂದ ಅಲ್ಲಿಯ ಪುಟ ಬೇರೆ. ಅವರ ಅಳಲು ನಮಗೆ ತಲುಪದು, ನಮ್ಮದು ಅವರಿಗೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದಾಗ ಕಂದಾಯ ಇಲಾಖೆ ಎಳೆದ ಗೆರೆಯೇ ಈಗ ಸುದ್ದಿಯ ಗೆರೆ. ನೀರು ಮಾತ್ರ ಈ ಗೆರೆಗಳನ್ನು ಒಪ್ಪುವುದಿಲ್ಲ: ಭದ್ರೆಯ ನೀರು ಜಿಲ್ಲೆಗಳನ್ನು ದಾಟಿಯೇ ಮಾರಿಕಣಿವೆಗೆ ಬರಬೇಕು.

ಜಿಲ್ಲಾ ಪುಟದ ಗದ್ಯವೂ ಇದಕ್ಕೆ ತಕ್ಕಂತೆಯೇ ಇದೆ. ಬರೆಯುವವನು ಊರಿನವನೇ, ತಿದ್ದುವವನು ಮುದ್ರಣವಾಗುವ ನಗರದಲ್ಲಿ. ತಿದ್ದುವಾಗ ಮೊದಲು ಹೋಗುವುದು ಇಂಚು ಮತ್ತು ಅಡಿ. ಉಳಿಯುವುದು ‘ಕಂಗಾಲು’. ಹಳೆಯ ಪತ್ರಿಕೆಗಳಲ್ಲಿ ‘ನಮ್ಮ ಬಾತ್ಮೀದಾರರಿಂದ’ ಎಂದು ಮೇಲೆ ಹಾಕುತ್ತಿದ್ದರು. ಆ ಪದದಲ್ಲಿ, ಒಬ್ಬ ಮನುಷ್ಯ ನಮಗಾಗಿ ಅಲ್ಲಿ ನಿಂತಿದ್ದಾನೆಂಬ ಭಾವವಿತ್ತು.

ಇವುಗಳನ್ನು ಉಳಿಸುವ ವಿಚಾರಕ್ಕೆ ಬಂದರೆ ನಮ್ಮಲ್ಲಿ ಕಾನೂನಿಗೇನೂ ಕೊರತೆಯಿಲ್ಲ. ಪ್ರಕಟವಾದ ಪುಸ್ತಕಗಳನ್ನು ಗೊತ್ತುಮಾಡಿದ ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು 1954ರಲ್ಲಿ ಕೇಂದ್ರ ಶಾಸನವಾಯಿತು. 1956ರಲ್ಲಿ ಪತ್ರಿಕೆಗಳನ್ನೂ ಅದಕ್ಕೆ ಸೇರಿಸಿದರು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮಾರ ಗ್ರಂಥಾಲಯ ಮೊದಲಾದವು ಆ ಶಾಸನದ ಗ್ರಂಥಾಲಯಗಳು. ತಾಲ್ಲೂಕಿನ ಚಂದಾದಾರರಿಗೇ ಅಂಚೆ ಹಚ್ಚಲು ಹಿಂದೆಮುಂದೆ ನೋ‍ಡುವ ಸಂಪಾದಕ ವಾರವಾರ ಕೋಲ್ಕತ್ತಕ್ಕೆ ಕಳುಹಿಸುತ್ತಾನೆಂದು ನಂಬುವುದು ಕಷ್ಟ. ಬ್ರಿಟನ್ನಿನಲ್ಲಿ ಪ್ರಾಂತಗಳ ಸಣ್ಣ ಪತ್ರಿಕೆಗಳಿಗಾಗಿಯೂ ಲಂಡನ್ನಿನ ಕಾಲಿಂಡೇಲಿನಲ್ಲಿ ಒಂದು ಪತ್ರಿಕಾ ಗ್ರಂಥಾಲಯವನ್ನು 1932ರಿಂದ 2013ರವರೆಗೆ ನಡೆಸಿದರು. ಅನಂತರ ಆ ಸಂಗ್ರಹವನ್ನು ಯಾರ್ಕ್‌ಷೈರಿಗೆ ಸಾಗಿಸಿದರು. ನಮ್ಮ ಜಿಲ್ಲೆಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಕಾಲೇಜಿಗೊಂದು ಕಪಾಟು, ತಾಲ್ಲೂಕಿನಲ್ಲಿ ಬರುವ ಪ್ರತಿಯೊಂದು ಪತ್ರಿಕೆಯ ಒಂದೊಂದು ಪ್ರತಿ, ವರ್ಷದ ಕೊನೆಗೆ ಹೊಲಿದು ರಟ್ಟು ಹಾಕಿಸುವಷ್ಟು ಹಣ. ಒಳ್ಳೆಯದು ಕೆಟ್ಟದ್ದೆಂದು ಆರಿಸಲೂಬಾರದು. ‘ಮುಂದಿನ ವಾರ ನಿರೀಕ್ಷಿಸಿ’ಯೂ ಅದರಲ್ಲಿರಲಿ. ನನಗೆ ಗೊತ್ತಿರುವ ಒಂದು ವಾಚನಾಲಯದಲ್ಲಿ ವರ್ಷಕ್ಕೊಮ್ಮೆ ಹಳೆಯ ಪತ್ರಿಕೆಗಳನ್ನು ಕಿಲೋ ಲೆಕ್ಕದಲ್ಲಿ ಹರಾಜು ಹಾಕುತ್ತಾರೆ. ತೂಕ ಹೆಚ್ಚು ಬರುವುದು ದೊಡ್ಡ ಪತ್ರಿಕೆಗಳಿಗೆ. ತಾಲ್ಲೂಕಿನ ನಾಲ್ಕು ಪುಟದವು ತಕ್ಕಡಿಯವರೆಗೂ ಹೋಗುವುದಿಲ್ಲ. ಶೇಂಗಾ ಕಟ್ಟಲು, ಕಪಾಟಿಗೆ ಹಾಸಲು ಮೊದಲೇ ಮುಗಿದಿರುತ್ತವೆ.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೊಮ್ಮೆ ತುಂಬಿ ಕೋಡಿ ಹರಿಯಿತು. ಆ ವಾರ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋಗಿ ಊರಿನ ಪತ್ರಿಕೆಯ ಎರಡು ಪ್ರತಿ ಕೇಳಿದೆ.

“ಎರಡ್ಯಾಕೆ ಸಾರ್, ಒಂದೇ ಅಲ್ವಾ ಇರೋದು ಅದರಲ್ಲೂ?”

“ಒಂದು ಓದೋಕೆ” ಎಂದೆ.

ಅವನು ಎರಡನೆಯದನ್ನು ಮಡಿಸದೆ ಕೊಟ್ಟ.